ನಲವತ್ತೊಂದು ಖಾಲಿ ಚೀಟಿಗಳು

"ಹಿಂದುಗಡೆ ಅರ್ಥ ಇದೆಯಲ್ಲಮ್ಮಾ, ಅದನ್ನೇ ಮುಂದುಗಡೆ ಹಾಕಿಬಿಟ್ರೆ ಮುಗೀತು," ಎಂದರು ಪ್ರೆಸ್ಸಿನ ಯಜಮಾನರು.

ಅವರ ಮೇಜಿನ ಮೇಲೆ ನಲವತ್ತೊಂದು ಚೀಟಿಗಳ ಕಟ್ಟು ಬಿದ್ದಿತ್ತು. ನಾನು ಅದನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

"ಹಾಗೆ ಮುಗಿಯೋದಾಗಿದ್ರೆ ನಮ್ಮಕ್ಕ ಇಪ್ಪತ್ತೆರಡು ವರ್ಷ ಯಾಕೆ ತಗೋತಿದ್ಲು? ಒಂದು ವಾರದಲ್ಲಿ ನಿಮ್ಮ ಮೇಜಿನ ಮೇಲೆ ಇಡ್ತಿದ್ಲು."

"ಅಕ್ಕಾವ್ರು ಹುಷಾರಾಗಿದ್ದಾಗಿನ ಮಾತು ಬೇರೆ. ಈಗ ಯಾರು ಓಡಾಡ್ತಾರೆ? ನೀವಾ?"

"ಮತ್ತೆ? ನಿಮ್ಮ ಕಂಪ್ಯೂಟರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಬೈಯುವುದಕ್ಕೂ ಮನಸ್ಸು ಬಾರದು. ಆದರೂ ಬೈದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಾರೆ. ಇಪ್ಪತ್ತೆಂಟನೇ ತಾರೀಕಿನ ಮಧ್ಯಾಹ್ನದೊಳಗೆ ಎಲ್ಲ ಚೀಟಿ ಬರಬೇಕು, ಮೂವತ್ತಕ್ಕೆ ಪುಸ್ತಕ ಮಷೀನಿಗೆ ಹೋಗಬೇಕು, ಒಂದನೇ ತಾರೀಕಿನಿಂದ ಮಷೀನು ಶಾಲೆಯ ಪಠ್ಯಪುಸ್ತಕಕ್ಕೆ ಮೀಸಲು, ಆಮೇಲೆ ಹತ್ತು ತಿಂಗಳು ತಮ್ಮನ್ನು ಕೇಳಬಾರದು ಎಂದು ಅವರು ಹೇಳಿದರು. ಅಂದು ಆರನೇ ತಾರೀಕು.

ಹತ್ತು ತಿಂಗಳು ಕಾಯುವ ಹಾಗಿರಲಿಲ್ಲ. ಅಕ್ಕನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. "ಇನ್ನೊಂದು ಸಲ ಬಂದರೆ ಕಷ್ಟ. ಬರದೇ ಇರಬಹುದು, ಬರಲೂಬಹುದು," ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಆ ಮಾತು ಕೇಳಿದಂದಿನಿಂದ ನಾನು ಒಂದೇ ಒಂದು ಹಟ ಹಿಡಿದಿದ್ದೆ. ಪುಸ್ತಕ ಅಕ್ಕನ ಕೈಗೆ ಬರಬೇಕು, ಅವಳಿಗೆ ಅದನ್ನು ಹಿಡಿದುಕೊಳ್ಳುವ ಕೈ ಒಂದಾದರೂ ಇರುವಾಗಲೇ ಬರಬೇಕು.

ಅಕ್ಕ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ನಕಲು ಗುಮಾಸ್ತೆಯಾಗಿದ್ದವಳು. ಹಳೆಯ ಇಂಗ್ಲಿಷ್ ಕಾಗದಗಳನ್ನು ನೋಡಿ ನೋಡಿ ನಕಲು ಮಾಡುವುದೇ ಅವಳ ಕೆಲಸ. ಆ ಕಾಗದಗಳಲ್ಲಿ ಈಗ ಯಾರೂ ಆಡದ ಮಾತುಗಳಿರುತ್ತಿದ್ದವು. ಆಸ್ಪತ್ರೆಯ ಹಳೆಯ ರಿಜಿಸ್ಟರು, ಬಂದರಿನ ಹಳೆಯ ಪಟ್ಟಿ, ಮನೆ ಕಟ್ಟಿಸಿದ ಕರಾರು, ಎಲ್ಲದರಲ್ಲೂ ಇರುತ್ತಿದ್ದವು. ಜನ ಕಾಗದ ಹಿಡಿದುಕೊಂಡು ಬಂದು "ಇದೇನಮ್ಮಾ, ನಮ್ಮಜ್ಜ ಏನಾಗಿದ್ದ, ನಮ್ಮಜ್ಜಿ ಯಾವ ಕಾಯಿಲೆಯಲ್ಲಿ ಹೋದಳು," ಎಂದು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಹೇಳಿ ಹೇಳಿ ಅವಳಿಗೆ 'ಅರ್ಥದಮ್ಮ' ಎಂದೇ ಅಡ್ಡಹೆಸರು ಬಿತ್ತು. ಕೊನೆಗೆ ಒಂದು ಅರ್ಥಕೋಶವನ್ನೇ ಮಾಡುತ್ತೇನೆಂದು ಕೂತಳು.

ಅದನ್ನು ಮಾಡುವುದಕ್ಕೆ ಅವಳದೇ ಒಂದು ನೇಮ. ಒಂದು ಮಾತಿಗೆ ಒಂದು ಚೀಟಿ. ಚೀಟಿಯ ಹಿಂಭಾಗದಲ್ಲಿ ದಪ್ಪ ಡಿಕ್ಷನರಿಯ ಅರ್ಥವನ್ನು ಪೆನ್ಸಿಲಿನಲ್ಲಿ ಗೀಚುತ್ತಿದ್ದಳು. ಮುಂಭಾಗ ಮಾತ್ರ ಖಾಲಿ. ಆ ವಸ್ತುವನ್ನು ಕೈಯಲ್ಲಿ ಹಿಡಿದವರು, ಆ ಕೆಲಸ ಮಾಡಿದವರು, ಆ ಕಾಯಿಲೆಗೆ ಆರೈಕೆ ಮಾಡಿದವರು ತಮ್ಮ ಬಾಯಿಂದ ಹೇಳಿದ ಮೇಲೆಯೇ ಮುಂಭಾಗ ತುಂಬುವುದು. ಕೆಳಗೆ ಸಾಕ್ಷಿಯ ಹೆಸರು, ಕಸುಬು, ತಾರೀಕು. ಸಾಕ್ಷಿ ಹೇಳಿದವರು ತಮ್ಮ ಚೀಟಿಯನ್ನು ತಾವೇ ಬರೆಯಬಾರದು, ಕೋಶ ಮಾಡುವವಳು ತಾನೇ ಸಾಕ್ಷಿ ಹೇಳಬಾರದು. "ಹೇಳೋ ಬಾಯಿ ಬೇರೆ, ಬರೆಯೋ ಕೈ ಬೇರೆ ಇರ್ಬೇಕು ಕಣೇ. ಎರಡೂ ಒಂದೇ ಆದ್ರೆ ಚೆಂದ ಮಾಡಕ್ಕೆ ಶುರು ಮಾಡ್ತಾರೆ," ಎನ್ನುತ್ತಿದ್ದಳು. ಹೀಗೆ ಸಾವಿರದ ಒಂಬೈನೂರು ಚೀಟಿಗಳು ತುಂಬಿ ಚಪ್ಪಲಿ ಡಬ್ಬಗಳಲ್ಲಿ ಕಸುಬಿನ ಪ್ರಕಾರ ಕೂತಿದ್ದವು: ಆಸ್ಪತ್ರೆ, ಕೋರ್ಟು, ಬಡಗಿ, ದೋಣಿ, ಕಸಾಯಿ, ಗಾರೆ, ಚಮ್ಮಾರ. ಉಳಿದದ್ದು ನಲವತ್ತೊಂದು. ಆಗಲೇ ಅವಳ ಬಲಗೈ ಹೋಯಿತು, ಮಾತೂ ಹೋಯಿತು.

ನಾನು ದರ್ಜಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನು ಸಮೇತ ಅಕ್ಕನ ಮನೆಗೆ ಬಂದವಳು. ನನಗೆ ಬರುವ ಇಂಗ್ಲಿಷ್ ಅಂದರೆ ಕಾಲರು, ಕಫು, ಅರ್ಜೆಂಟು.

ಪ್ರೆಸ್ಸಿನಿಂದ ಮನೆಗೆ ಬಂದು ಕಟ್ಟನ್ನು ಅಕ್ಕನ ಮಡಿಲಲ್ಲಿ ಇಟ್ಟೆ. "ಯಜಮಾನರು ಹಿಂದುಗಡೆ ಇರೋದನ್ನೇ ಹಾಕ್ತಾರಂತೆ," ಎಂದೆ.

"ಅಲ್ಲ!" ಎಂದಳು.

ಆ ಒಂದು ಮಾತು ಮಾತ್ರ ಅವಳ ಬಾಯಲ್ಲಿ ಉಳಿದಿತ್ತು. ಹೌದು ಎಂಬುದಕ್ಕೂ 'ಅಲ್ಲ', ಬೇಡ ಎಂಬುದಕ್ಕೂ 'ಅಲ್ಲ', ನೀರು ಕೊಡು ಎಂಬುದಕ್ಕೂ 'ಅಲ್ಲ'. ಸ್ವರದ ಮೇಲೆ ನಾನು ಗುರುತು ಹಿಡಿಯುತ್ತಿದ್ದೆ. ಉದ್ದ ಮಾತು ಹೇಳಬೇಕಾದರೆ ಗೋಡೆಗೆ ಒಂದು ವರ್ಣಮಾಲೆಯ ಪಟ ತೂಗುಹಾಕಿದ್ದೆವು. ಅವಳು ಎಡಗೈಯ ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಬೇಕು, ನಾನು ಒಂದೊಂದೇ ಬರೆದುಕೊಳ್ಳಬೇಕು. ಪುಸ್ತಕದ ಮುನ್ನುಡಿಯನ್ನು ಹಾಗೇ ಹೇಳಿಸಿದಳು. ಒಂದೇ ಒಂದು ಪುಟ, ಹನ್ನೊಂದು ದಿನ. ಅವಳು 'ಕ' ಮುಟ್ಟಿ 'ಸ' ಮುಟ್ಟುವಷ್ಟರಲ್ಲಿ ನಾನು 'ಕಸುಬು' ಎಂದು ಬರೆದುಬಿಡುತ್ತಿದ್ದೆ. ಅವಳು ಫಟ್ ಎಂದು ಕೈಗೆ ಹೊಡೆಯುತ್ತಿದ್ದಳು. ಅವಳು ಹೇಳಹೊರಟಿದ್ದು 'ಕಸ' ಆಗಿರುತ್ತಿತ್ತು. ಎಡಗೈಗೆ ಪೆನ್ಸಿಲು ಕೊಟ್ಟು ನೋಡೋಣ ಎಂದು ಡಾಕ್ಟರು ಒಮ್ಮೆ ಹೇಳಿದ್ದರು. ಎರಡು ಗೆರೆ ಎಳೆದು, ಅದನ್ನು ನೋಡಿ, ಪೆನ್ಸಿಲನ್ನು ಕಿಟಕಿಯಿಂದ ಆಚೆ ಎಸೆದಳು. ಮೂವತ್ತೊಂದು ವರ್ಷ ಮುತ್ತು ಪೋಣಿಸಿದ ಹಾಗೆ ಬರೆದವಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

"ಆಯ್ತು, ನಾನೇ ಹೋಗ್ತೀನಿ. ಹಿಂದುಗಡೆ ಬರೆದಿರೋದನ್ನ ಓದಿ ಹೇಳ್ತೀನಿ, ಅವರು ಹೇಳಿದ್ದು ಬರ್ಕೊಂಡು ಬರ್ತೀನಿ. ದಿನಕ್ಕೆರಡು," ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನ ಕೈಬರಹ ಕೋಳಿ ಕೆದಕಿದ ಹಾಗಿದೆ ಎಂದು ಅವಳ ಕಣ್ಣೇ ಹೇಳುತ್ತಿತ್ತು.

"ಏನು ಹಾಗೆ ನೋಡ್ತೀಯ? ಇರೋಳು ನಾನೊಬ್ಳೇ. ಬೇಕಾದ್ರೆ ಇಟ್ಕೋ, ಬೇಡ ಅಂದ್ರೆ ಬಿಡು!"

ಮೊದಲು ಗಾರೆ ಕೆಲಸದವರ ಬಳಿ ಹೋದೆ. ಮಾತು 'ಹಾಡ್'. ಹಿಂಭಾಗದಲ್ಲಿ 'ಕೋಲಿನ ತುದಿಗೆ ಕಟ್ಟಿದ ಮೂರು ಬದಿಯ ತೊಟ್ಟಿ, ಇಟ್ಟಿಗೆ ಹೊರಲು' ಎಂದಿತ್ತು. ಮೂರು ಕಟ್ಟಡ ಅಲೆದ ಮೇಲೆ ಒಬ್ಬ ಮುದುಕ ಸಿಕ್ಕ, ವಯಸ್ಸಿನಲ್ಲಿ ಅದನ್ನು ಹೊತ್ತವನು. ಅವನು ನಗುತ್ತ ಹೇಳಿದ್ದು ಹೀಗೆ: "ಭಾರ ಹೆಗಲಿಗಲ್ಲಮ್ಮ, ಮೊಣಕಾಲಿಗೆ. ಒಂದು ಕೈ ಕೋಲಿಗೆ, ಒಂದು ಕೈ ಏಣಿಗೆ. ಹತ್ತಕ್ಕಿಂತ ಜಾಸ್ತಿ ಇಟ್ಟಿಗೆ ಇಟ್ರೆ ಮೇಲೆ ಮುಟ್ಟೋದು ಎಂಟೇ." ಬರೆದುಕೊಂಡೆ.

ಮರುದಿನ ರಿಟೈರಾದ ನರ್ಸಮ್ಮನ ಮನೆ. ಮಾತು 'ಡ್ರಾಪ್ಸಿ'. ಹಿಂಭಾಗದಲ್ಲಿ 'ಮೈಯಲ್ಲಿ ನೀರು ತುಂಬುವ ರೋಗ' ಎಂದಿತ್ತು. ಆಕೆ ನನ್ನ ಕಾಲನ್ನೇ ಎಳೆದು, ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. "ಇಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ, ತಕ್ಷಣ ಎದ್ದು ಬರಲ್ಲ. ಚಪ್ಪಲಿ ಹಿಡಿಸ್ತಿಲ್ಲ ಅಂತ ಬಂದೋರಿಗೆ ಮೊದಲು ನಾವು ನೋಡ್ತಿದ್ದಿದ್ದು ಕಾಲೇ." ನನಗೆ ಆ ಮಾತು ಸ್ವಲ್ಪ ಬೋಳಾಗಿ ಕಂಡಿತು. ಪುಸ್ತಕಕ್ಕೆ ಹೋಗುವಂಥದ್ದು ಎಂದು ದಾರಿಯಲ್ಲಿ ಬರುತ್ತ 'ಪಾದರಕ್ಷೆಗಳು ಬಿಗಿಯಾಗುತ್ತವೆ ಎಂದು ದೂರುವ ರೋಗಿಗಳ ಪಾದಗಳನ್ನು ಪರೀಕ್ಷಿಸಲಾಗುತ್ತಿತ್ತು' ಎಂದು ತಿದ್ದಿಬಿಟ್ಟೆ. ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟೆ.

ಅಕ್ಕನಿಗೆ ಓದಿ ಹೇಳಿದೆ. ಪಾದರಕ್ಷೆ ಎಂದ ಕಡೆ "ಅಲ್ಲ!" ಎಂದಳು. ಬೆರಳು ಪಟದ ಮೇಲೆ ಹೋಯಿತು. ಯಾ-ರು-ಅಂ-ದ-ದ್ದು.

"ನರ್ಸಮ್ಮನೇ ಅಂದಿದ್ದು."

ನನ್ನ ಮುಖವನ್ನೇ ನೋಡುತ್ತ ಕೂತಳು. ಚಿಕ್ಕವಳಿದ್ದಾಗ ನಾನು ಸಕ್ಕರೆ ಕದ್ದು ತಿಂದಾಗಲೂ ಹೀಗೇ ನೋಡುತ್ತಿದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅವಳ ಮುಂದೆ ಸುಳ್ಳು ನಿಲ್ಲುವುದಿಲ್ಲ. ಅಳಿಸಿ 'ಚಪ್ಪಲಿ ಹಿಡಿಸ್ತಿಲ್ಲ' ಎಂದೇ ಬರೆದೆ. ಅಂದಿನಿಂದ ಕೇಳಿದ್ದನ್ನು ಕೇಳಿದ ಹಾಗೇ ಬರೆಯುವುದನ್ನು ಕಲಿತೆ. ಹೊಲಿಗೆಗಿಂತ ಕಷ್ಟ. ಬಟ್ಟೆಯಲ್ಲಿ ಸ್ವಲ್ಪ ಒಳಗೆ ಹಿಡಿದರೂ ನಡೆಯುತ್ತದೆ, ಇಲ್ಲಿ ನಡೆಯದು.

ದಿನಗಳು ಓಡಿದವು. ಬೆಳಿಗ್ಗೆ ಅಕ್ಕನಿಗೆ ಸ್ನಾನ, ತಿಂಡಿ, ಗುಳಿಗೆ. ಪಕ್ಕದ ಮನೆಯ ಅತ್ತಿಗೆಯನ್ನು ಕೂರಿಸಿ ನಾನು ಚೀಲ ಹಾಕಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ವಾಪಸು. ಮಷೀನಿನ ಪಕ್ಕ ಹೊಲಿಯದ ಬಟ್ಟೆ ಬೆಟ್ಟವಾಯಿತು. ಕೋಟು ಕೊಟ್ಟ ಮೇಷ್ಟ್ರು ನಾಲ್ಕು ಸಲ ಬಂದು ಹೋದರು. "ಮಗಳ ಮದುವೆಗೆ ಹಾಕ್ಕೊಳ್ಳೋದಾ, ಮೊಮ್ಮಗಳ ಮದುವೆಗಾ, ಅದನ್ನಾದ್ರೂ ಹೇಳಮ್ಮ," ಎಂದರು. "ಮೊದಲು ಮಗಳಿಗೆ ಗಂಡು ಸಿಗ್ಲಿ ಮೇಷ್ಟ್ರೇ," ಎಂದೆ. ಅವರೇ ನಕ್ಕರು.

ಕಸಾಯಿ ಅಂಗಡಿಯವನು 'ಪ್ಲಕ್' ಎಂಬ ಮಾತಿಗೆ, ಗುಂಡಿಗೆ, ಶ್ವಾಸಕೋಶ, ಲಿವರು ಮೂರನ್ನೂ ಗಂಟಲ ಕೊಳವೆ ಹಿಡಿದು ಒಂದೇ ಎಳೆತಕ್ಕೆ ಈಚೆ ತೆಗೆಯಬೇಕು, ಎರಡು ಎಳೆತವಾದರೆ ಅವನು ಇನ್ನೂ ಕಲಿಯುತ್ತಿದ್ದಾನೆ ಎಂದು ಅರ್ಥ ಎಂದ. ಚಮ್ಮಾರ ಅಜ್ಜನಿಗೆ 'ಕಾರ್ಡ್‌ವೇನರ್' ಓದಿ ಹೇಳಿದೆ, ಹೊಸ ಚರ್ಮದಲ್ಲಿ ಹೊಸ ಜೋಡು ಮಾಡುವವನು ಎಂದು. ಅಜ್ಜ ಕೆರಳಿಬಿಟ್ಟ. "ಅದು ನಾನು! ರಿಪೇರಿಗೆ ಅಂತ ಬರ್ತಾರೆ, ಮಾಡ್ಕೊಡ್ತೀನಿ, ಆದ್ರೆ ರಿಪೇರಿಯೋನು ಅಂತ ಕರೀಬೇಡಿ. ಕಾಲು ನೋಡಿ ಜೋಡು ಮಾಡೋನು ನಾನು. ಬರ್ಕೋ ಅದನ್ನ, ದೊಡ್ಡ ಅಕ್ಷರದಲ್ಲಿ ಬರ್ಕೋ." ದೊಡ್ಡ ಅಕ್ಷರದಲ್ಲೇ ಬರೆದೆ.

'ಫ್ಯಾದಮ್' ಎಂಬ ಮಾತಿಗಾಗಿ ಎರಡು ಗಂಟೆ ಬಸ್ಸಿನಲ್ಲಿ ಕೂತು ದೋಣಿಕಟ್ಟೆಗೆ ಹೋಗಬೇಕಾಯಿತು. ಹಿಂಭಾಗದಲ್ಲಿ 'ಆರು ಅಡಿ. ನೀರಿನ ಆಳದ ಅಳತೆ' ಎಂದಿತ್ತು. ಒಬ್ಬ ವಯಸ್ಸಾದ ದೋಣಿಯವನು ಬಲೆಯ ಹರಿದ ಕಡೆ ಗಂಟು ಹಾಕುತ್ತ ಕೂತಿದ್ದ. ಓದಿ ಹೇಳಿದೆ.

"ಆರಡಿ ಅನ್ನೋದು ಕಾಗದದಲ್ಲಿ. ನೀರಲ್ಲಿ ಅದು ಇದು," ಎಂದು ಎರಡೂ ಕೈ ಚಾಚಿದ. ಹಗ್ಗವನ್ನು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಎಳೆದು, "ಒಂದು, ಎರಡು," ಎಂದು ಎಣಿಸಿ ತೋರಿಸಿದ.

ನಾನು ಸುಮ್ಮನಿರುವವಳಲ್ಲ. ಕತ್ತಿನಲ್ಲಿ ಟೇಪು ಇದ್ದೇ ಇರುತ್ತದೆ. ಅವನ ಚಾಚಿದ ಕೈಗಳನ್ನು ತುದಿಯಿಂದ ತುದಿಗೆ ಅಳೆದೆ. "ಐದಡಿ ಎಂಟಂಗುಲ. ನಾಲ್ಕಂಗುಲ ಮೋಸ!"

"ಯಾರಿಗೆ ಮೋಸ? ನಮ್ಮ ದೋಣಿಯಲ್ಲಿ ಆಳ ಅಳೆಯೋನು ನಾನೊಬ್ನೇ. ನನ್ನ ಕೈಗೆ ಎಷ್ಟು ಬಂದ್ರೆ ದೋಣಿ ತಳ ಮುಟ್ಟಲ್ಲ ಅಂತ ನಂಗೊತ್ತು. ನಲವತ್ತು ವರ್ಷ ಮುಟ್ಟಿಲ್ಲ."

ಮನೆಗೆ ಬಂದು ಇದನ್ನು ಟೇಪಿನ ಸಮೇತ ಹೇಳಿದಾಗ ಅಕ್ಕ ನಕ್ಕಳು. ಮುಖದ ಎಡಭಾಗ ಮಾತ್ರ ನಕ್ಕಿತು. ಲಕ್ವ ಹೊಡೆದ ಮೇಲೆ ನಾನು ನೋಡಿದ ಮೊದಲ ನಗು ಅದು. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದು ಬಂದೆ.

ಇಪ್ಪತ್ತೈದನೇ ತಾರೀಕಿಗೆ ನಲವತ್ತು ಚೀಟಿ ತುಂಬಿದ್ದವು. ಉಳಿದದ್ದು ಒಂದೇ ಒಂದು, ಕೋರ್ಟು ಎಂದು ಬರೆದ ಡಬ್ಬದ್ದು. ಮಾತು 'ಅಮ್ಯಾನ್ಯುಯೆನ್ಸಿಸ್'. ಅದನ್ನು ಉಚ್ಚರಿಸಲು ಕಲಿಯುವುದಕ್ಕೇ ನನಗೆ ಅರ್ಧ ದಿನ ಹಿಡಿಯಿತು. ಹಿಂಭಾಗದಲ್ಲಿ ಅಕ್ಕ 'ಇನ್ನೊಬ್ಬರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡುವವರು' ಎಂದು ಗೀಚಿದ್ದಳು.

ಕೋರ್ಟಿಗೆ ಹೋದೆ. ಎಲ್ಲ ಕಡೆ ಕಂಪ್ಯೂಟರು. ಒಂದು ಕಾಲದಲ್ಲಿ ಹೊರಗೆ ಸಾಲಾಗಿ ಕೂತು ಅರ್ಜಿ ಬರೆದುಕೊಡುತ್ತಿದ್ದವರ ಜಾಗದಲ್ಲಿ ಈಗ ಸ್ಕೂಟರುಗಳು ನಿಂತಿದ್ದವು. ಅಂಚೆ ಕಚೇರಿಗೆ ಹೋದೆ, ಕಾಗದ ಬರೆದುಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಕೌಂಟರಿನ ಹೆಂಗಸು, "ಫೋನಿಲ್ವಾ ನಿಮ್ಮತ್ರ?" ಎಂದು ಕನಿಕರದಿಂದ ಕೇಳಿದಳು. ಇಪ್ಪತ್ತಾರೂ ಹೋಯಿತು. ಕಾಲು ಸೋತಿತು, ತಲೆ ಕೆಟ್ಟಿತು. ಅಕ್ಕನಿಗೆ ಆ ದಿನ ಕೆಮ್ಮು ಬೇರೆ, ಒಂದು ಗುಟುಕು ನೀರು ಇಳಿಯಲು ಹತ್ತು ನಿಮಿಷ.

ಇಪ್ಪತ್ತೇಳರ ಬೆಳಿಗ್ಗೆ ಮಷೀನಿನ ಮುಂದೆ ಕೂತು ಮೇಷ್ಟ್ರ ಕೋಟಿಗೆ ಗುಂಡಿ ಹಾಕುತ್ತಿದ್ದಾಗ ನನಗೆ ಅರ್ಜಿ ತಾತ ನೆನಪಾದರು. ಕೋರ್ಟಿನ ಎದುರು ಅರ್ಜಿ ಬರೆಯುತ್ತ ಕೂರುತ್ತಿದ್ದ ಮುದುಕರು. ಅವರ ಕೋಟಿನ ಮೊಣಕೈಗೆ ನಾನೇ ಎಷ್ಟೋ ಸಲ ತೇಪೆ ಹಾಕಿದ್ದೆ. ಊರು ಬಿಟ್ಟು ಮಗಳ ಮನೆಗೆ ಹೋದರು ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಎಲ್ಲಿದೆಯೋ ಆ ಮಗಳ ಮನೆ? ಇದ್ದಿದ್ದರೆ ಏನು ಹೇಳುತ್ತಿದ್ದರೋ ಅದು ನನಗೆ ಗೊತ್ತೇ ಇತ್ತು. ಸೂಜಿ ಕೆಳಗಿಟ್ಟು ಪೆನ್ನು ತೆಗೆದುಕೊಂಡೆ. 'ಅವರು ಹೇಳ್ತಾರೆ, ನಾವು ಬರೀತೀವಿ. ನಮ್ಮ ತಲೆ ಅದರಲ್ಲಿ ತೂರಿಸಬಾರದು. ಸಾಕ್ಷಿ: ಅರ್ಜಿ ತಾತ. ಕಸುಬು: ಅರ್ಜಿ ಬರೆಯುವುದು.' ಹಿಂದಿನ ದಿನದ ತಾರೀಕು ಹಾಕಿದೆ. ಇಪ್ಪತ್ತೆರಡು ವರ್ಷದ ನೇಮವನ್ನು ಎರಡು ನಿಮಿಷದಲ್ಲಿ ಮುರಿದೆ. ನನಗೆ ಆಗ ತಪ್ಪೆನಿಸಲೇ ಇಲ್ಲ, ಹೊಟ್ಟೆ ತಣ್ಣಗಾಯಿತು ಅಷ್ಟೇ.

ಮುಖ ಗಂಟಿಕ್ಕಿಕೊಂಡೇ ಅಕ್ಕನಿಗೆ ಓದಿದೆ. "ಕೊನೇದು ಆಯ್ತು, ನೋಡು."

ಅವಳು ಚೀಟಿಯನ್ನು ಕೈಗೆ ತೆಗೆದುಕೊಂಡಳು. ಓದಿದಳು. ಇನ್ನೊಮ್ಮೆ ಓದಿದಳು. ಬೆರಳು ಪಟದ ಕಡೆಗೆ ಹೋಯಿತು. ನಾನು ಒಂದೊಂದೇ ಅಕ್ಷರ ಬರೆದುಕೊಂಡೆ. ತಾ-ತ-ಸ-ತ್ತು-ಮೂ-ರು-ವ-ರ್ಷ.

ಬರೆದದ್ದನ್ನು ಜೋಡಿಸಿ ಓದಿದೆ: ತಾತ ಸತ್ತು ಮೂರು ವರ್ಷ.

ಅವರ ಮಣ್ಣಿಗೆ ತಾನೇ ಹೋಗಿದ್ದೆ ಎಂದು ಪಟದ ಮೇಲೆ ಮುಟ್ಟಿ ಮುಟ್ಟಿ ತೋರಿಸಿದಳು. ಮೂರು ವರ್ಷದ ಹಿಂದೆ ಮಣ್ಣಾದ ಮನುಷ್ಯನಿಂದ ನಾನು ನಿನ್ನೆ ಸಾಕ್ಷಿ ಹೇಳಿಸಿದ್ದೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಅಕ್ಕ ನಗಲಿಲ್ಲ. ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಹರಿದು ಎರಡು ಮಾಡಿ ನೆಲಕ್ಕೆ ಹಾಕಿದಳು. ನನ್ನ ಸಿಟ್ಟು ನೆತ್ತಿಗೇರಿತು.

"ಹರಿ! ಹರಿದು ಹಾಕು! ಇಪ್ಪತ್ತು ದಿನದಿಂದ ನಾಯಿ ಹಾಗೆ ಅಲೆದಿದ್ದೀನಿ ನಾನು. ಕಸಾಯಿ ಅಂಗಡಿ, ದೋಣಿಕಟ್ಟೆ, ಒಂದೂ ಬಿಟ್ಟಿಲ್ಲ. ಒಂದೇ ಒಂದು ಚೀಟಿ ಅಕ್ಕಾ! ಸಾವಿರದ ಒಂಬೈನೂರರಲ್ಲಿ ಒಂದು! ಯಾರಿಗೆ ಗೊತ್ತಾಗತ್ತೆ?"

"ಅಲ್ಲ," ಎಂದಳು ಮೆಲ್ಲಗೆ.

"ಏನು ಅಲ್ಲ? ನಿಂಗೆ ಗೊತ್ತಾಗತ್ತೆ ಅಂತಾನಾ? ಹಾಗಾದ್ರೆ ನೀನೇ ಸಾಕ್ಷಿ ಹೇಳು. ಮೂವತ್ತೊಂದು ವರ್ಷ ಬರೆದೋಳು ನೀನೇ ಅಲ್ವಾ?"

ಆಗದು ಎಂದು ತಲೆ ಆಡಿಸಿದಳು. ಅದರ ಉತ್ತರ ನನಗೂ ಗೊತ್ತಿತ್ತು. ಕಾಗದ ನೋಡಿ ಬರೆಯುವುದು ಬೇರೆ, ಬಾಯಿ ನೋಡಿ ಬರೆಯುವುದು ಬೇರೆ, ಕೋರ್ಟಿನಲ್ಲಿ ತಾನು ಎರಡನೆಯದನ್ನು ಮಾಡಿದವಳಲ್ಲ ಎಂದು ಮಾತಿದ್ದಾಗಲೇ ಹೇಳುತ್ತಿದ್ದಳು. ಕೋಶ ಮಾಡುವವಳು ಸಾಕ್ಷಿ ಹೇಳಬಾರದು ಎಂಬ ನೇಮ ಬೇರೆ.

"ಹಾಗಾದ್ರೆ ಆ ಮಾತೇ ಬಿಟ್ಬಿಡು," ಎಂದೆ. "ಇಲ್ಲ ಅಂದ್ರೆ ಹತ್ತು ತಿಂಗಳು ಕೂತ್ಕೋ. ನಂಗೇನು? ಪುಸ್ತಕ ನಿಂದು. ನೀನು ಅದನ್ನ ನೋಡ್ದೇ ಹೋದ್ರೆ..." ಆಡಬಾರದ ಮಾತು ಬಾಯಿಂದ ಬಂದಾಗಿತ್ತು.

ಆ ದಿನ ಇಬ್ಬರೂ ಮುಖ ಕೊಟ್ಟು ನೋಡಲಿಲ್ಲ. ಊಟ ತಂದಿಟ್ಟರೆ ತಟ್ಟೆ ದೂಡಿದಳು. ನಾನೂ ಉಣ್ಣಲಿಲ್ಲ. ಇಬ್ಬರು ಮೊಂಡರು ಒಂದು ಮನೆಯಲ್ಲಿದ್ದರೆ ಅಡುಗೆ ಮಾತ್ರ ಹಾಳು.

ಇಪ್ಪತ್ತೆಂಟರ ಬೆಳಿಗ್ಗೆ ಸ್ನಾನ ಮಾಡಿಸಿ ಕುರ್ಚಿಯಲ್ಲಿ ಕೂರಿಸಿ, ತಲೆ ಬಾಚುತ್ತ ನಾನೇ ಸೋತು ಮಾತಾಡಿಸಿದೆ. "ಸುಳ್ಳು ಬರೆದಿದ್ದು ತಪ್ಪು. ಆಯ್ತಾ? ಆ ಮಾತು ಇಲ್ದೇನೇ ಪುಸ್ತಕ ಹೋಗ್ಲಿ. ನಲವತ್ತು ಕೊಟ್ಟು ಬರ್ತೀನಿ."

"ಅಲ್ಲ."

"ಮತ್ತೇನು ಮಾಡ್ಲಿ ಹೇಳು ತಾಯಿ!"

ಬೆರಳು ಪಟಕ್ಕೆ ಹೋಯಿತು. ಪೆನ್ನು ತೆಗೆದುಕೊಂಡೆ. ಹೊ-ಸ-ಚೀ-ಟಿ. ತಂದುಕೊಟ್ಟೆ. ಅವಳು ಅದನ್ನು ತೊಡೆಯ ಮೇಲಿನ ಹಲಗೆಯ ಮೇಲೆ ಇಟ್ಟುಕೊಂಡು ನನ್ನ ಕೈಯಲ್ಲಿದ್ದ ಪೆನ್ನನ್ನು ಕಿತ್ತುಕೊಂಡಳು. ಎಡಗೈಯಲ್ಲಿ ಮಗು ಚಮಚ ಹಿಡಿದ ಹಾಗೆ ಹಿಡಿದಳು. ಆಮೇಲೆ ಪೆನ್ನಿನ ತುದಿಯನ್ನು ನನ್ನ ಎದೆಗೆ ಒತ್ತಿದಳು.

"ಏನು?"

ಇನ್ನೊಮ್ಮೆ ಒತ್ತಿದಳು. ಗೋಡೆಯ ಪಟ ತೋರಿಸಿದಳು. ಮೇಜಿನ ಮೇಲಿದ್ದ ಮುನ್ನುಡಿಯ ಹಾಳೆ ತೋರಿಸಿದಳು, ನನ್ನ ಕೋಳಿ ಕೆದಕಿದ ಅಕ್ಷರದ್ದು. ಮತ್ತೆ ನನ್ನನ್ನು ತೋರಿಸಿದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನನಗೆ ಹಾಗಾಯಿತು. ನಾಲ್ಕು ತಿಂಗಳಿಂದ ದಿನಾ ಆ ಕೆಲಸವನ್ನೇ ಮಾಡುತ್ತಿದ್ದೆ. ಆದರೂ ನಾಚಿಕೆಯಾಯಿತು.

"ಥೂ, ನಾನೇನು ಹೇಳ್ಲಿ? ಎಂಟನೇ ಕ್ಲಾಸು ಓದಿದೋಳು ನಾನು. ದೊಡ್ಡ ಮಾತು ಅದು."

ಪೆನ್ನಿನಿಂದ ಹಲಗೆಯನ್ನು ಟಕ್ ಟಕ್ ಎಂದು ಕುಟ್ಟಿದಳು.

"ಮೊದ್ಲು ನೀನು ಬರೀತೀಯಾ? ಎಡಗೈಯಲ್ಲಿ? ಹಾಗೇ ಇರು, ನಾನೇ ಬರ್ಕೋತೀನಿ."

ಫಟ್ ಎಂದು ನನ್ನ ಕೈಗೆ ಬಿತ್ತು. ಹೇಳುವ ಬಾಯಿ ಬೇರೆ, ಬರೆಯುವ ಕೈ ಬೇರೆ.

ಅವಳ ಎದುರಿಗೆ ನೆಲದ ಮೇಲೆ ಕೂತೆ. ಏನು ಹೇಳಬೇಕೆಂದು ಯೋಚಿಸಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಇನ್ನೊಬ್ರ ಮಾತು ಬರಿಯೋಳು. ಅವರು ನಿಂತ್ರೆ ನಾವೂ ನಿಲ್ಬೇಕು. ಮುಂದಿನ ಮಾತು ಗೊತ್ತು ಅಂತ ಅನ್ಸತ್ತೆ, ಗೊತ್ತಿರಲ್ಲ."

ಅವಳು ಬರೆಯತೊಡಗಿದಳು. ಮೊದಲ ಅಕ್ಷರ ಚೀಟಿಯ ಅರ್ಧ ಅಗಲ ಬಂತು. ಎರಡನೆಯದು ಕೆಳಗೆ ಜಾರಿತು. ಅದನ್ನು ನೋಡಿ ಪೆನ್ನು ಹಿಡಿದ ಕೈ ಮೇಲೆತ್ತಿದಳು. ಪೆನ್ನು ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ. ಇನ್ನೊಂದು ಚೀಟಿ ಕೊಡು ಎಂದು ಕೈ ನೀಡಿದಳು. ಕೊಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು. ನಾಲ್ಕನೆಯದರಲ್ಲಿ ಅಕ್ಷರಗಳು ಸಾಲಿನಲ್ಲಿ ನಿಂತವು. ನನ್ನ ಕೈ ಕಡಿಯುತ್ತಿತ್ತು, ಕಿತ್ತುಕೊಂಡು ಬರೆದುಬಿಡೋಣ ಎಂದು ಪ್ರಾಣ ಹೊಡೆದುಕೊಳ್ಳುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಗಡಿಯಾರ ಹತ್ತಕ್ಕೆ ಬಂತು, ಹತ್ತೂವರೆಗೆ ಬಂತು. ಹೇಳಿದ ಮೂರು ಸಾಲು ಮುಗಿಯಿತು. ತಲೆಯೆತ್ತಿ ನೋಡಿದಳು. ಇನ್ನೂ ಇದೆ, ಹೇಳು ಎನ್ನುವ ನೋಟ ಅದು. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು.

"ತಪ್ಪಾಗಿ ಬರ್ಕೊಂಡ್ರೆ," ಎಂದೆ, "ಇನ್ನೊಂದ್ಸಲ ಹೇಳಕ್ಕೆ ಅವರು ಇರ್ತಾರೋ ಇಲ್ವೋ ಅನ್ನೋ ಭಯ. ಬರೆಯೋ ಅಷ್ಟು ಹೊತ್ತೂ ಆ ಭಯದಲ್ಲೇ ಕೂತಿರ್ತೀವಿ."

ಅಕ್ಕ ನನ್ನನ್ನು ನೋಡಲಿಲ್ಲ. ತಲೆ ತಗ್ಗಿಸಿ ಅದನ್ನೂ ಬರೆದಳು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಚೆಂದ ಮಾಡಲಿಲ್ಲ. ಅವಳ ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂತು, ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ನಾನು ಎದ್ದು ಸೆರಗಿನಿಂದ ಒರೆಸಿದೆ. ಚೀಟಿಯ ಮೇಲೆ ಬೀಳದಂತೆ ನೋಡಿಕೊಂಡೆ.

ಕೆಳಗೆ ನನ್ನ ಹೆಸರು ಬರೆದಳು. ಕಸುಬು ಎಂಬ ಕಡೆ ಪೆನ್ನು ನಿಂತಿತು.

"ದರ್ಜಿ ಅಂತ ಬರಿ," ಎಂದೆ.

ಏನನ್ನೋ ಬರೆದು, ತಾರೀಕು ಹಾಕಿ, ಕೊಟ್ಟಳು. ನೋಡುವುದಕ್ಕೆ ಪುರಸೊತ್ತಿರಲಿಲ್ಲ. ಗಂಟೆ ಹನ್ನೆರಡಾಗುತ್ತ ಬಂದಿತ್ತು. ಪಕ್ಕದ ಮನೆಯ ಅತ್ತಿಗೆಯನ್ನು ಕೂಗಿ ಕೂರಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಯಜಮಾನರು ನಲವತ್ತೊಂದನ್ನೂ ಎಣಿಸಿದರು. ಕೊನೆಯ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರ ಅಕ್ಷರ ಇದು?"

"ಅಕ್ಕಂದು."

ಅವರು ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡು ಕೆಳಗಿನ ಸಾಲಿಗೆ ಬೆರಳಿಟ್ಟರು. "ಇಲ್ಲೊಂದು ತಪ್ಪಾಗಿದೆಯಮ್ಮಾ. ಕಸುಬು ಅಂತ ಇರೋ ಕಡೆ 'ತಂಗಿ' ಅಂತ ಬರೆದಿದ್ದಾರೆ. ದರ್ಜಿ ಅಂತ ತಿದ್ದಿ ಕಳಿಸ್ಲಾ?"

ನಾನು ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ನೋಡಿದೆ. ಸೊಟ್ಟ 'ತ', ಅದಕ್ಕಿಂತ ಸೊಟ್ಟ 'ಗ'. ಕಣ್ಣು ಮಂಜಾಯಿತು. ಆದರೂ ಬಾಯಿ ಮಾತ್ರ ಸೋಲಲಿಲ್ಲ.

"ತಿದ್ದಿ ನೋಡಿ," ಎಂದೆ. "ಕೈ ಮುರೀತೀನಿ."